ಸೋಮವಾರ ನೊಗ ಇಳಿಸುವ ನಾಡು

ತಿಪಟೂರಿನಿಂದ ತುರುವೇಕೆರೆಗೆ ಹೊರಟ ಬಸ್ಸಿನ ಕಿಟಕಿಯಲ್ಲಿ ಕಾಣುವುದೆಲ್ಲ ತೆಂಗು. ಅತ್ತ ಚಿಕ್ಕನಾಯಕನಹಳ್ಳಿಯ ಕಡೆ ತಿರುಗಿದರೂ ಅಷ್ಟೇ. ಕಲ್ಪತರು ನಾಡೆಂಬ ಹೆಸರು ಸುಮ್ಮನೆ ಬಂದದ್ದಲ್ಲ. ಇಲ್ಲಿನ ಮನೆಗಳ ಅಟ್ಟದಲ್ಲಿ ತೆಂಗಿನಕಾಯಿ ಹತ್ತು-ಹನ್ನೆರಡು ತಿಂಗಳು ಸುಮ್ಮನೆ ಬಿದ್ದಿರುತ್ತದೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಸದ್ದು ಮಾಡುವವರೆಗೆ ಅದನ್ನು ಸುಲಿಯುವಂತಿಲ್ಲ. ತಿಪಟೂರಿನ ಉಂಡೆ ಕೊಬ್ಬರಿಯ ಹೆಸರು ನಿಂತಿರುವುದು ಈ ತಾಳ್ಮೆಯ ಮೇಲೆ.

ಕಾಯಿಗೆ ಬಿಡುವು ಕೊಡಲು ಬಲ್ಲ ಜನ ಎತ್ತಿಗೂ ಬಿಡುವು ಕೊಟ್ಟಿದ್ದರು. ಸೋಮವಾರ ಶಿವನ ದಿನ. ಹಾಗಾಗಿ ಬಸವಣ್ಣನ ದಿನ. ಅಂದು ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಮುಂಗಾರು ಹದವಾಗಿ ಬಿದ್ದು, ರಾಗಿ ಬಿತ್ತನೆಗೆ ಒಂದು ದಿನ ತಡವಾದರೂ ಕಷ್ಟವೆನ್ನುವಾಗಲೂ ಆರು ಕಟ್ಟುತ್ತಿರಲಿಲ್ಲ. ಎತ್ತುಗಳ ಮೈ ತೊಳೆದು, ಹಣೆಗೆ ಕುಂಕುಮವಿಟ್ಟು, ಮೇಯಲು ಬಿಡುತ್ತಿದ್ದರು. ತುಮಕೂರು ಸೀಮೆಯ ಕೆಲವು ಹಳ್ಳಿಗಳಲ್ಲಿ ಈ ನೇಮ ಇಂದಿಗೂ ಉಳಿದಿದೆ.

ತುರುವೇಕೆರೆಯ ಗಂಗಾಧರೇಶ್ವರ ದೇವಾಲಯದಲ್ಲಿ ಕರಿಕಲ್ಲಿನ ದೊಡ್ಡ ನಂದಿಯಿದ್ದಾನೆ. ಶತಮಾನಗಳು ಕಳೆದರೂ ಅವನ ಮೈಯ ನುಣುಪು ಮಾಸಿಲ್ಲ. ಊರಿನ ಹೆಸರಿನಲ್ಲೂ ದನವನ್ನು ಹೇಳುವ 'ತುರು' ಎಂಬ ಹಳೆಯ ಮಾತು ಕೇಳಿಸುತ್ತದೆ, ಕೆರೆಯೂ ಕೇಳಿಸುತ್ತದೆ. ಈ ಎರಡನ್ನು ನೆಚ್ಚಿಯೇ ಇಲ್ಲಿನ ಬೇಸಾಯ ನಡೆದಿತ್ತು.

ವಾರಕ್ಕೊಂದು ದಿನ ದುಡಿಮೆ ನಿಲ್ಲಿಸುವ ನೇಮ ಈ ಸೀಮೆಯದಷ್ಟೇ ಅಲ್ಲ. ಯೆಹೂದಿಗಳಿಗೆ ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ಕತ್ತಲಾಗುವವರೆಗೆ ಸಬ್ಬತ್. ಅಂದು ಮನೆಯವರು ಮಾತ್ರವಲ್ಲ, ಎತ್ತು, ಕತ್ತೆಗಳೂ ದುಡಿಯಬಾರದೆಂದು ಅವರ ಧರ್ಮಗ್ರಂಥ ವಿಧಿಸುತ್ತದೆ. ನಮ್ಮ ನೆರೆಯ ಕೊಂಕಣದ ಹಳ್ಳಿಗಳಲ್ಲಿ ಗಾಣ ಆಡಿಸಿಕೊಂಡಿದ್ದ ಬೆನೆ ಇಸ್ರೇಲ್ ಯೆಹೂದಿಗಳು ಶನಿವಾರ ಗಾಣ ಹೂಡುತ್ತಿರಲಿಲ್ಲ. ಹಾಗಾಗಿ ಅವರಿಗೆ 'ಶನಿವಾರ ತೇಲಿ'ಗಳೆಂದೇ ಹೆಸರು ಬಿತ್ತು. ಸೋಮವಾರ ಗಾಣ ನಿಲ್ಲಿಸುತ್ತಿದ್ದ ಹಿಂದೂ ಗಾಣಿಗರು 'ಸೋಮವಾರ ತೇಲಿ'ಗಳಾದರು. ದೇವರು ಬೇರೆ, ವಾರ ಬೇರೆ. ಗಾಣದ ಎತ್ತಿಗೆ ಸಿಕ್ಕ ಬಿಡುವು ಒಂದೇ.

ಯೆಹೂದಿಗಳ ನೇಮ ಇನ್ನೂ ಮುಂದೆ ಹೋಗುತ್ತದೆ. ಏಳನೆಯ ವರ್ಷ ನೆಲವನ್ನೇ ಉಳದೆ ಬಿಡಬೇಕು. ಈ ಶ್ಮಿತ ವರ್ಷ ಕಳೆದ ಬಾರಿ ಬಂದದ್ದು 2021-22ರಲ್ಲಿ. ಜನವರಿ-ಫೆಬ್ರವರಿಯಲ್ಲಿ, ನಮ್ಮ ಸಂಕ್ರಾಂತಿಯ ಆಸುಪಾಸಿನಲ್ಲಿ, ಅವರಿಗೆ 'ಮರಗಳ ಹೊಸ ವರ್ಷ'. ಅಮೆರಿಕದ ಹಲವು ಯೆಹೂದಿ ಸಭೆಗಳು ಆ ದಿನಗಳ ಸಬ್ಬತ್ತನ್ನು ನೀರು, ಮಣ್ಣು, ಮರಗಳ ಚಿಂತನೆಗೆ ಮೀಸಲಿಡುತ್ತವೆ.

ತೆಂಗಿನ ಸೀಮೆಗೆ ಈ ಚಿಂತನೆ ದೂರದ್ದೇನಲ್ಲ. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ಅದಕ್ಕೆ ಸೋಮವಾರವಿಲ್ಲ. ಕಪಿಲೆಯಿಂದ ನೀರೆತ್ತುತ್ತಿದ್ದ ಕಾಲದಲ್ಲಿ ಎತ್ತು ನಿಂತರೆ ಬಾವಿಗೂ ಬಿಡುವು. ಕೊಳವೆಬಾವಿಯ ಮೋಟಾರಿಗೆ ಕರೆಂಟು ಬಂದಾಗಲೆಲ್ಲ ದುಡಿಮೆ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ 2008ರಿಂದ ವಿದ್ಯುತ್ ಉಚಿತ. ಸಾವಿರ ಅಡಿ ಕೊರೆದರೂ ನೀರು ಸಿಗದ ತೋಟಗಳುಂಟು. 2015ರಿಂದ 2017ರವರೆಗಿನ ಬರದಲ್ಲಿ ಸುಳಿ ಬಾಗಿ ಒಣಗಿದ ತೆಂಗಿನ ಮರಗಳನ್ನು ಕಂಡವರು ಅದನ್ನು ಮರೆತಿಲ್ಲ. ಚಿಕ್ಕನಾಯಕನಹಳ್ಳಿಯ ಗುಡ್ಡಗಳ ಕಥೆ ಇನ್ನೊಂದು. ಅಲ್ಲಿ ಅದಿರು ತೋಡುವ ಯಂತ್ರಗಳು ನಿಂತದ್ದು 2011ರ ಆಗಸ್ಟ್‌ನಲ್ಲಿ, ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಗೆ ಸುಪ್ರೀಂ ಕೋರ್ಟು ತಡೆ ಹಾಕಿದಾಗ. ಮನುಷ್ಯ ತಾನಾಗಿ ಬಿಡುವು ಕೊಡದಿದ್ದರೆ ಅದು ಬರದಿಂದ ಬರುತ್ತದೆ, ಇಲ್ಲವೇ ನ್ಯಾಯಾಲಯದಿಂದ.

ತೆಂಗಿನ ಬುಡಕ್ಕೆ ಗರಿ, ಸಿಪ್ಪೆಯ ಹೊದಿಕೆ ಹಾಸಿ, ತೋಟದಲ್ಲೇ ಇಂಗುಗುಂಡಿ ತೋಡಿ, ಅಂಚಿನಲ್ಲಿ ಬದು ಕಟ್ಟಿ ಮಳೆನೀರು ಹಿಡಿಯುವ ರೈತರು ಈ ಸೀಮೆಯಲ್ಲಿದ್ದಾರೆ. ಹಾಗೆ ಮಾಡಿದ ತೋಟದಲ್ಲಿ ತೇವ ನಾಲ್ಕು ದಿನ ಹೆಚ್ಚು ನಿಲ್ಲುತ್ತದೆ, ಮೋಟಾರು ಅಷ್ಟು ಕಡಿಮೆ ಓಡುತ್ತದೆ. ಮೂಕಪ್ರಾಣಿ ಬಾಯಿಬಿಟ್ಟು ಕೇಳದಿದ್ದರೂ ಹಿರಿಯರು ಅದಕ್ಕೊಂದು ದಿನ ಬಿಟ್ಟುಕೊಟ್ಟರು. ನೆಲದಡಿಯ ನೀರೂ ಬಾಯಿಲ್ಲದ್ದೇ. ಎತ್ತಿಲ್ಲದ ಮನೆಯಲ್ಲಿ ಸೋಮವಾರ ಅದಕ್ಕೆ ಸಲ್ಲಲಿ.