ಬೆರಳುದ್ದದ ಬೂತಾಯಿ

ಆಫೀಸಲ್ಲಿ ದಿನವಿಡೀ ಇಮೇಲ್ ಕುಟ್ಟುವ ನನಗೆ ಮಾವನ ಒಂದು ಪುಟದ ಅರ್ಜಿ ಬರೆಯೋಕೆ ಎರಡು ರಾತ್ರಿ ಬೇಕಾಯ್ತು.

ಮಾವನಿಗೆ ಮಲ್ಪೆಯ ಒಂದು ಪರ್ಸೀನ್ ಬೋಟಿನಲ್ಲಿ ಪಾಲಿದೆ. ಮರಿಮೀನು ಹಿಡಿಯೋದಕ್ಕೆ ಕಡಿವಾಣ ಹಾಕುವ ಬಗ್ಗೆ ಮೀನುಗಾರರ ಅಭಿಪ್ರಾಯ ಕೇಳಿದ್ದಾರೆ, ಬರಹದಲ್ಲಿ ಕೊಡಬೇಕಂತೆ. "ಬೆಂಗಳೂರಲ್ಲಿ ನೀನು ಮಾಡೋದು ಅದೇ ಕೆಲಸ ಅಲ್ವಾ ಮಾರಾಯ, ಚಂದ ಮಾಡಿ ಬರೆದುಕೊಡು" ಅಂದ್ರು. ಅವರು ತುಳುವಿನಲ್ಲಿ ಬೈದದ್ದನ್ನು ನಾನು 'ಮಾನ್ಯರೇ' ಭಾಷೆಗೆ ಇಳಿಸಬೇಕು.

ಕಷ್ಟ ಆಗಿದ್ದು ಭಾಷೆಯಿಂದಲ್ಲ, ನಾನು ಅರ್ಧ ಆ ಕಡೆಯವನಾಗಿದ್ದರಿಂದ. ಹತ್ತು ಸೆಂಟಿಮೀಟರಿಗಿಂತ ಸಣ್ಣ ಬೂತಾಯಿ ಹಿಡಿಯಬಾರದು ಅನ್ನೋ ನಿಯಮ ಕೇರಳದಲ್ಲಿ 2015ರಲ್ಲೇ ಬಂತು. ಮೊಟ್ಟೆಯಿಡುವ ಮೊದಲೇ ಬಾಚಿಕೊಂಡರೆ ಮುಂದಿನ ವರ್ಷಕ್ಕೆ ಏನು ಉಳಿಯುತ್ತೆ? ಅಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ ಮೂರೂವರೆ ಸಾವಿರ ಟನ್ನೂ ದಾಟಲಿಲ್ಲ. ಬಲೆಯೊಂದೇ ಕಾರಣ ಅಲ್ಲ, ಎಲ್ ನಿನೋದಿಂದ ಕಡಲು ಬಿಸಿಯಾದದ್ದೂ ಇದೆ. ಆದ್ರೆ ಕಡಲಿಗೆ ದಂಡ ಹಾಕೋಕಾಗಲ್ಲವಲ್ಲ.

ಇದನ್ನೇ ಫೋನಲ್ಲಿ ಹೇಳಿದೆ. "ಹಾಗಾದ್ರೆ ನಾನು ಸ್ಕೇಲ್ ಹಿಡ್ಕೊಂಡು ನೀರಿಗೆ ಹಾರಬೇಕಾ?" ಅಂದ್ರು ಮಾವ. ಪರ್ಸೀನ್ ಬಲೆ ಸುತ್ತುವುದು ಇಡೀ ಹಿಂಡನ್ನು. ಮೀನು ಡೆಕ್ಕಿಗೆ ಬಿದ್ದ ಮೇಲೆ ವಾಪಸ್ ಸುರಿದರೆ ಸತ್ತ ಬೂತಾಯಿ ಈಜಲ್ಲ. ಬಲೆ ಎಳೆಯುವ ಮೊದಲೇ ಅಂದಾಜು ಮಾಡಿ ಬಿಟ್ಟರೆ? "ನಾನು ಬಿಟ್ಟದ್ದನ್ನು ಪಕ್ಕದ ಬೋಟಿನವ ಬಿಡ್ತಾನಾ?"

ಮೊದಲ ರಾತ್ರಿ ಇದೆಲ್ಲ ನೆಪ ಅನ್ನಿಸಿತ್ತು. ಎರಡನೇ ರಾತ್ರಿ ಮಳೆಗಾಲದ ರಜೆ ನೆನಪಾಯ್ತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಬಂದ್. ಮಾವ ಅದನ್ನು ಬೈಯುತ್ತಲೇ ಪಾಲಿಸ್ತಾರೆ. ಯಾಕಂದ್ರೆ ಪಕ್ಕದವನ ಬೋಟೂ ದಕ್ಕೆಯಲ್ಲೇ ಕಟ್ಟಿರೋದು ಕಣ್ಣಿಗೆ ಕಾಣುತ್ತೆ. ಮರಿಮೀನಿನ ನಿಯಮದಲ್ಲಿ ಏನೂ ಕಾಣಲ್ಲ. ಊಟಕ್ಕೆ ಆಗದ ಸಣ್ಣದು ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತೆ. ಪುಡಿಯಾದ ಮೇಲೆ ಉದ್ದ ಅಳೆಯೋರು ಯಾರು?

ಹಾಗಾಗಿ ಅರ್ಜಿಯಲ್ಲಿ ವಿರೋಧ ಅಂತ ಬರೆಯಲಿಲ್ಲ. ನಿಯಮ ಬರಲಿ, ಎಲ್ಲ ಬೋಟಿಗೂ ಒಂದೇ ದಿನ ಬರಲಿ, ತಪಾಸಣೆ ದಕ್ಕೆಯಲ್ಲಿ ಮಾತ್ರ ಅಲ್ಲ, ಮರಿಮೀನು ಕೊಳ್ಳುವವರ ಗೇಟಿನಲ್ಲೂ ಆಗಲಿ ಅಂತ ಬರೆದೆ. ತೂಕ ಬರಲಿ ಅಂತ ಕೊನೆಗೆ ನನ್ನದೇ ಒಂದು ಸಾಲು ಸೇರಿಸಿದೆ: 'ನಾವು ಮರಿಮೀನು ಹಿಡಿಯುವುದನ್ನು ಎಂದೂ ಬೆಂಬಲಿಸಿಲ್ಲ.' ಕಾರ್ಪೊರೇಟ್ ಅಭ್ಯಾಸ, ಬಿಡಲ್ಲ.

ಮಾವ ಪ್ರಿಂಟ್ ತೆಗೆಸಿ, ಆ ಸಾಲಿನ ಮೇಲೆ ಪೆನ್ನಿನಿಂದ ಗೀಟು ಎಳೆದು, ಫೋಟೊ ಕಳಿಸಿದ್ರು. ಕೆಳಗೆ ಅವರದೇ ವಕ್ರ ಅಕ್ಷರದಲ್ಲಿ ಹೀಗಿತ್ತು: 'ಹೋದ ವರ್ಷ ನಾವೂ ಹಿಡಿದಿದ್ದೇವೆ. ಡೀಸೆಲ್ ಸಾಲ ಇತ್ತು.'

ಟೈಪ್ ಮಾಡಿ ಕೊಡ್ಲಾ ಅಂತ ಕೇಳಿದೆ. ಬೇಡ, ಹಾಗೇ ಇರಲಿ ಅಂದ್ರು.