ರೈಲು ಬಿಟ್ಟುಹೋದ ದಾರಿಯಲ್ಲಿ

ಐವತ್ತು ದಾಟಿದ ಗುರುವೊಬ್ಬ ಸೈಕಲ್ಲೇರಿದ ವೃತ್ತಾಂತವನ್ನು ಓದಿ ತಮಗೆ ನಗು ಬರಬಹುದು. ನಗಲು ಅಡ್ಡಿಯಿಲ್ಲ. 2023ರ ಜುಲೈ ತಿಂಗಳಿನಲ್ಲಿ ಆರು ವಾರಗಳ ಬದಲಿ ಸೇವೆಗೆಂದು ಫ್ರಾನ್ಸಿನ ಬರ್ಗಂಡಿ ಸೀಮೆಗೆ ಹೋಗಿದ್ದೆ. ನನಗೆ ಆಶ್ರಯವಿತ್ತ ವೃದ್ಧ ಗುರುಗಳು ಇಪ್ಪತ್ತಕ್ಕೂ ಮಿಕ್ಕಿದ ಹಳ್ಳಿಗಳ ದೇವಾಲಯಗಳನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು. ಅಲ್ಲಿ ಗುರುಗಳ ಕೊರತೆ ಅಷ್ಟಿದೆ. ಒಂದು ಸೋಮವಾರ ಅವರು ಕೊಟ್ಟಿಗೆಯಿಂದ ಎರಡು ಸೈಕಲ್ಲುಗಳನ್ನು ಹೊರಗೆಳೆದು, "ಎರಡು ದಿನ ಬಿಡುವಿದೆ, ಹೋಗೋಣವೇ?" ಎಂದರು. ನಾನು ಮೊಣಕಾಲಿನ ನೋವಿನ ನೆಪ ಹೇಳಿದೆ. ಅದು ನೆಪವೆಂಬುದು ಅವರಿಗೂ ತಿಳಿಯಿತೆಂದು ಕಾಣುತ್ತದೆ. "ಈ ದಾರಿಯಲ್ಲಿ ಒಂದೇ ಒಂದು ಮೋಟಾರು ವಾಹನವೂ ಬರುವುದಿಲ್ಲ," ಎಂದಷ್ಟೇ ನುಡಿದು ಟಯರಿಗೆ ಗಾಳಿ ತುಂಬಿಸತೊಡಗಿದರು.

ಆ ಮಾತು ನನ್ನನ್ನು ಹೊರಡಿಸಿತು. ಏಕೆಂಬುದನ್ನು ಮುಂದೆ ಅರಿಕೆ ಮಾಡಿಕೊಳ್ಳುವೆನು.

ಫ್ರೆಂಚರು ಇಂತಹ ಮಾರ್ಗವನ್ನು 'ವ್ವಾ ವೆರ್ತ್', ಅಂದರೆ ಹಸಿರು ದಾರಿ, ಎಂದು ಕರೆಯುತ್ತಾರೆ. ಪಾದಚಾರಿಗಳಿಗೆ, ಸೈಕಲ್ ಸವಾರರಿಗೆ, ಕುದುರೆ ಏರಿದವರಿಗೆ ಮಾತ್ರ ಮೀಸಲಾದ ದಾರಿ ಅದು. ಜಿವ್ರಿ ಎಂಬ ಊರಿನಿಂದ ಕ್ಲೂನಿಯವರೆಗಿನ 44 ಕಿಲೋಮೀಟರ್ ಮಾರ್ಗವು 1997ರಲ್ಲಿ ತೆರೆಯಿತು. ಆ ದೇಶದ ಮೊದಲ ಹಸಿರು ದಾರಿಯೆಂಬ ಹೆಸರು ಅದಕ್ಕಿದೆ. ಮುಂದೆ ಅದು ಮಾಕೋನ್ ಪಟ್ಟಣದವರೆಗೂ ಬೆಳೆಯಿತು. ಇದು ಹೊಸದಾಗಿ ಕಡಿದ ದಾರಿಯಲ್ಲ. ಒಂದು ಕಾಲದಲ್ಲಿ ಇಲ್ಲಿ ರೈಲು ಓಡುತ್ತಿತ್ತು. ಬಸ್ಸು ಕಾರುಗಳು ಹೆಚ್ಚಿದಂತೆ ರೈಲು ನಿಂತಿತು, ಕಂಬಿಗಳನ್ನು ಕಿತ್ತರು, ಉಳಿದ ನೆಲಕ್ಕೆ ಡಾಂಬರು ಹಾಕಿದರು. ಸುತ್ತಲೂ ಗುಡ್ಡಗಾಡಾದರೂ ಸವಾರನಿಗೆ ಏದುಸಿರು ಬಾರದಿರುವುದರ ಗುಟ್ಟು ಇಲ್ಲಿದೆ. ಕಡಿದಾದ ಏರನ್ನು ರೈಲು ಹತ್ತಲಾರದು. ಆದ್ದರಿಂದ ಅಂದಿನ ಎಂಜಿನಿಯರರು ಗುಡ್ಡದ ಸೊಂಟವನ್ನು ಬಳಸಿ, ತಗ್ಗಿಗೆ ಮಣ್ಣು ತುಂಬಿ, ದಿಬ್ಬವನ್ನು ಸೀಳಿ, ದಾರಿಯನ್ನು ಬಹುಮಟ್ಟಿಗೆ ಸಮತಟ್ಟಾಗಿಸಿದ್ದರು. ಉಗಿಬಂಡಿಗೆಂದು ಅವರು ಪಟ್ಟ ಶ್ರಮದ ಫಲವನ್ನು ಈಗ ನಮ್ಮಂತಹ ಮೊಣಕಾಲು ನೋವಿನವರು ಉಣ್ಣುತ್ತಿದ್ದೇವೆ.

ಎಡಬಲಗಳಲ್ಲಿ ದ್ರಾಕ್ಷಿ ತೋಟಗಳು. ಅವು ಮುಗಿದಲ್ಲಿ ಶಾರೋಲೆ ತಳಿಯ ಬಿಳಿಯ ದನಗಳು ಮೇಯುವ ಹುಲ್ಲುಗಾವಲು. ಹಳೆಯ ರೈಲು ನಿಲ್ದಾಣಗಳು ಊರಿನ ಹೆಸರನ್ನು ಹೊತ್ತು ಹಾಗೆಯೇ ನಿಂತಿವೆ. ಬ್ಯೂಕ್ಸಿ, ಸೆಂ ಜೆಂಗೂ, ಕೊರ್ಮತೆಂ ದಾಟುತ್ತ ಹೋದೆವು. ಮೊದಲ ಒಂದು ಗಂಟೆ ನಾನು ಹಿಂದಿರುಗಿ ನೋಡುತ್ತಲೇ ಇದ್ದೆ. ಹಿಂದಿನಿಂದ ಏನೂ ಬರಲಿಲ್ಲ.

ನನ್ನ ಅಣ್ಣ ಹಾಸನದ ಕಡೆಯ ನಮ್ಮ ಊರಿನಿಂದ ಪಟ್ಟಣಕ್ಕೆ ಸೈಕಲ್ಲಿನಲ್ಲಿ ಹಾಲು ಒಯ್ಯುತ್ತಿದ್ದ. ಕ್ಯಾರಿಯರಿನ ಎರಡು ಕಡೆಗೂ ಕ್ಯಾನು. ಏರು ಬಂದಾಗ ಇಳಿದು ತಳ್ಳುವುದು, ಇಳಿಜಾರಿನಲ್ಲಿ ಹಾಡುವುದು. ನಾನು ಗುರುಮಠದಲ್ಲಿ ಓದುತ್ತಿದ್ದಾಗ ನನ್ನ ಬಟ್ಟೆಬರೆಯ ಖರ್ಚು ಆ ಕ್ಯಾನುಗಳಿಂದ ಬರುತ್ತಿತ್ತು. 1992ರ ಜನವರಿಯ ಒಂದು ನಸುಕಿನಲ್ಲಿ ಹೆದ್ದಾರಿಯ ತಿರುವಿನಲ್ಲಿ, ಬಸ್ಸೊಂದನ್ನು ಹಿಂದಿಕ್ಕಲು ಹೋದ ಲಾರಿ ಎದುರಿನಿಂದ ಬಂದು ಅವನನ್ನು ಬಲಿ ತೆಗೆದುಕೊಂಡಿತು. ಅಂದಿನಿಂದ ನಾನು ಸೈಕಲ್ ಮುಟ್ಟಿರಲಿಲ್ಲ. ಸಹಾಯಕ ಗುರುವಾಗಿದ್ದಾಗ ಉಪಕೇಂದ್ರಗಳಿಗೆ ಬಸ್ಸು ಹಿಡಿದು, ಇಲ್ಲವೇ ನಡೆದು ಹೋಗುತ್ತಿದ್ದೆ. ಫಾದರ್ ಬಲು ಸರಳ ಜೀವಿ ಎಂದು ಜನ ಹೊಗಳುತ್ತಿದ್ದರು. ನಾನು ತಿದ್ದಲಿಲ್ಲ.

ಸಂಜೆಯ ಹೊತ್ತಿಗೆ ತೇಜೆ ಎಂಬ ಪುಟ್ಟ ಹಳ್ಳಿಯ ಕೆಳಗೆ ಬಂದು ಸೇರಿದೆವು. ಹಳ್ಳಿ ಗುಡ್ಡದ ಮೇಲಿದೆ; ಅಲ್ಲಿಗೆ ರೈಲು ಹೋಗುತ್ತಿರಲಿಲ್ಲವಾದ್ದರಿಂದ ನಾವು ನಿಜವಾದ ಏರನ್ನೇ ಹತ್ತಬೇಕಾಯಿತು. ಗೇರಿನ ಉಪಕಾರ ಆಗ ತಿಳಿಯಿತು. ಇಂದು ಲೋಕಪ್ರಸಿದ್ಧವಾದ ತೂರ್ ದ ಫ್ರಾನ್ಸ್ ಪಂದ್ಯವನ್ನು 1903ರಲ್ಲಿ ಆರಂಭಿಸಿದ ಆನ್ರಿ ದೆಗ್ರಾಂಜ್ ಎಂಬವರಿಗೆ ಗೇರು ಬದಲಿಸುವ ಸಾಧನ ಕಂಡರಾಗುತ್ತಿರಲಿಲ್ಲ; ಅದು ನಲವತ್ತೈದು ದಾಟಿದವರಿಗೆ ತಕ್ಕದ್ದೆಂದು ಹಂಗಿಸಿದ್ದರು. 1937ರವರೆಗೂ ಆ ಪಂದ್ಯದಲ್ಲಿ ಅದಕ್ಕೆ ಪ್ರವೇಶವಿರಲಿಲ್ಲ. ನಲವತ್ತೈದು ದಾಟಿದವನಾದ ನಾನು ಯಾವ ನಾಚಿಕೆಯೂ ಇಲ್ಲದೆ ಎಲ್ಲಕ್ಕಿಂತ ಸಣ್ಣ ಗೇರಿಗೆ ಹಾಕಿಕೊಂಡು ಹತ್ತಿದೆ.

ತೇಜೆಯ ವಿಷಯ ತಮ್ಮಲ್ಲಿ ಹಲವರಿಗೆ ಗೊತ್ತಿದೆ. ಅಲ್ಲಿನ ಹಾಡುಗಳನ್ನು ಕೇಳಿದವರು ನಮ್ಮಲ್ಲೂ ಇದ್ದಾರೆ. ಆದರೆ ಅದನ್ನು ಸ್ಥಾಪಿಸಿದ ಸಹೋದರ ರೋಜೆರವರು 1940ರಲ್ಲಿ, ಯುದ್ಧದ ನಡುವೆ, ಜಿನೀವಾದಿಂದ ಸೈಕಲ್ಲಿನಲ್ಲಿ ಆ ಹಳ್ಳಿಗೆ ಬಂದರೆಂಬುದನ್ನು ನಾನು ತಿಳಿದಿರಲಿಲ್ಲ. ಆಗ ಅವರಿಗೆ ಇಪ್ಪತ್ತೈದು ವರ್ಷ. ಕೊಂಡ ಮನೆಯಲ್ಲಿ ಅವರು ಮೊದಲು ಮಾಡಿದ್ದು ಯೆಹೂದ್ಯರನ್ನೂ ಒಳಗೊಂಡಂತೆ ನಿರಾಶ್ರಿತರನ್ನು ಬಚ್ಚಿಟ್ಟು ಕಾಪಾಡುವ ಕೆಲಸ. 2005ರ ಆಗಸ್ಟ್ 16ರ ಸಂಜೆ, ತೊಂಬತ್ತನೆಯ ವಯಸ್ಸಿನಲ್ಲಿ, ಪ್ರಾರ್ಥನೆಯ ನಡುವೆಯೇ ಮಾನಸಿಕ ಅಸ್ವಸ್ಥತೆಯಿದ್ದ ಮಹಿಳೆಯೊಬ್ಬಳ ಚೂರಿಯಿಂದ ಅವರು ಹತರಾದರು. ಹಳ್ಳಿಯ ಹಳೆಯ ದೇವಾಲಯದ ಅಂಗಳದಲ್ಲಿ ಅವರ ಸಮಾಧಿಯಿದೆ. ಅಮೃತಶಿಲೆಯಿಲ್ಲ, ಕಂಚಿನ ಫಲಕವಿಲ್ಲ. ಮರದ ಒಂದು ಶಿಲುಬೆ, ಒಂದಿಷ್ಟು ಹೂಗಿಡ.

ಆ ಶಿಲುಬೆಯ ಮುಂದೆ ನನ್ನ ಸಂಗಾತಿ ಗುರುಗಳು ಒಂದು ಮಾತು ಹೇಳಿದರು. ಸಹೋದರರ ಅಂತ್ಯಕ್ರಿಯೆಯ ದಿನ, ಅವರ ಉತ್ತರಾಧಿಕಾರಿಯಾದ ಸಹೋದರ ಆಲೋಯಿಸ್ ಎಲ್ಲರ ಎದುರು ಆ ಮಹಿಳೆಯ ಕ್ಷಮೆಗಾಗಿ ದೇವರಲ್ಲಿ ಪ್ರಾರ್ಥಿಸಿದರಂತೆ. ಸತ್ತು ವಾರವಷ್ಟೇ ಕಳೆದಿತ್ತು. ನಾನು ತಲೆದೂಗಿದೆ. ಒಳಗೆ ಬೇರೆಯದೇ ನೆನಪು ಎದ್ದು ಕುಳಿತಿತ್ತು.

ಅಣ್ಣನ ತಿಂಗಳ ಪೂಜೆ ಮುಗಿದ ಮರುದಿನ ಆ ಲಾರಿಯ ಚಾಲಕ ನಮ್ಮ ಮನೆಗೆ ಬಂದಿದ್ದ. ಜಾಮೀನಿನ ಮೇಲೆ ಬಿಟ್ಟಿದ್ದರು. ಸೊಂಟದ ಮೇಲೆ ಮಗುವನ್ನು ಹೊತ್ತ ಹೆಂಡತಿಯೂ ಜೊತೆಗಿದ್ದಳು. ಅಂಗಳದಲ್ಲಿ ನಿಂತೇ ಇದ್ದರು. ಅವ್ವ ಅವರನ್ನು ಜಗುಲಿಗೆ ಕರೆದು ಕಾಫಿ ಕೊಟ್ಟಳು. ನಾನು ಒಳಕೋಣೆಯ ಬಾಗಿಲು ಮುಚ್ಚಿ ಪ್ರಾರ್ಥನಾ ಪುಸ್ತಕವನ್ನು ತೆರೆದು ಕುಳಿತೆ. ಅವನ ಅಳು ಬಾಗಿಲಿನಾಚೆಯಿಂದ ಕೇಳುತ್ತಿತ್ತು. "ಒಂದು ಮಾತು ಆಡು ಮಗ," ಎಂದು ಅವ್ವ ಎರಡು ಸಲ ಕರೆದಳು. ನಾನು ಹೊರಗೆ ಬರಲಿಲ್ಲ. ಆಮೇಲಿನ ವರ್ಷಗಳಲ್ಲಿ, ಎಷ್ಟು ಸಲ ಕ್ಷಮಿಸಬೇಕೆಂದು ಪೇತ್ರನು ಪ್ರಭುವನ್ನು ಕೇಳುವ ಆ ಶುಭಸಂದೇಶದ ಮೇಲೆ ಲೆಕ್ಕವಿಲ್ಲದಷ್ಟು ಪ್ರಬೋಧನೆ ಮಾಡಿದ್ದೇನೆ. ಚೆನ್ನಾಗಿಯೇ ಮಾಡಿದ್ದೇನೆಂದು ಜನ ಹೇಳುತ್ತಾರೆ.

ಮರುದಿನ ಬೆಳಿಗ್ಗೆ ಕ್ಲೂನಿ. 910ರಲ್ಲಿ ಸ್ಥಾಪನೆಯಾದ ಬೆನೆಡಿಕ್ಟಿನ್ ಮಠವಿದ್ದ ಊರು. 1088ರಲ್ಲಿ ಅಲ್ಲಿ ಕಟ್ಟತೊಡಗಿದ 187 ಮೀಟರ್ ಉದ್ದದ ದೇವಾಲಯವು, ರೋಮಿನ ಈಗಿನ ಸಂತ ಪೇತ್ರರ ಮಹಾದೇವಾಲಯ ಏಳುವವರೆಗೆ ಕ್ರೈಸ್ತ ಜಗತ್ತಿನಲ್ಲೇ ದೊಡ್ಡದಾಗಿತ್ತು. ಫ್ರೆಂಚ್ ಕ್ರಾಂತಿಯ ಬಳಿಕ ಅದನ್ನು ಮಾರಿದರು. ಕೊಂಡವರು ಕಲ್ಲಿಗಾಗಿ ಒಡೆದರು. ಈಗ ಹತ್ತರಲ್ಲಿ ಒಂದು ಪಾಲಿನಷ್ಟೂ ಉಳಿದಿಲ್ಲ. ಗೈಡು ಹೇಳಿದ್ದೆಲ್ಲವನ್ನೂ ಇಲ್ಲಿ ಬರೆಯಲಾರೆ. ನನ್ನ ಮನಸ್ಸಿನಲ್ಲಿ ನಿಂತದ್ದು ಒಂದೇ ಸಂಗತಿ. ನವೆಂಬರ್ 2ರಂದು ನಾವು ಆಚರಿಸುವ ಸಕಲ ಮೃತರ ಸ್ಮರಣೆಯು ಸಾವಿರ ವರ್ಷಗಳ ಹಿಂದೆ ಇಲ್ಲಿಯ ಮಠಾಧಿಪತಿ ಓದಿಲೋ ಅವರಿಂದ ನೆಲೆಗೊಂಡಿತು. ನಮ್ಮೂರ ಸ್ಮಶಾನದಲ್ಲಿ ಅವ್ವ ಮೇಣದ ಬತ್ತಿ ಹಚ್ಚುವುದಕ್ಕೆ ಮೂಲ ಇಲ್ಲಿದೆ.

ಕ್ಲೂನಿ ದಾಟಿದ ಮೇಲೆ ಬ್ವಾ ಕ್ಲೇರ್ ಎಂಬ ಗುಡ್ಡ ಅಡ್ಡವಾಗುತ್ತದೆ. ಅದರ ಹೊಟ್ಟೆಯೊಳಗೆ 1,600 ಮೀಟರ್ ಉದ್ದದ ಹಳೆಯ ರೈಲು ಸುರಂಗ. ಚಳಿಗಾಲದಲ್ಲಿ ಬಾವಲಿಗಳು ನಿದ್ರಿಸಲೆಂದು ಅದನ್ನು ಮುಚ್ಚುತ್ತಾರೆ. ಸವಾರರು ಆಗ ಗುಡ್ಡ ಹತ್ತಿ ಇಳಿಯಬೇಕು. ನಾವು ಹೋದದ್ದು ಬೇಸಿಗೆ. ಹೊರಗೆ ಉರಿಬಿಸಿಲು, ಒಳಗೆ ಹೊಕ್ಕೊಡನೆ ಬೆವರು ತಣ್ಣಗಾಗುವ ಚಳಿ. ದೀಪಗಳು ಮಂಕು. ನಡುವಿಗೆ ಬಂದಿರಬೇಕು, ಎದುರಿನಿಂದ ಎರಡು ಬೆಳಕು ಅಕ್ಕಪಕ್ಕ ಬರುತ್ತಿರುವುದು ಕಾಣಿಸಿತು. ಅಲ್ಲಿ ಲಾರಿ ಬರಲಾರದೆಂದು ಬುದ್ಧಿಗೆ ಗೊತ್ತು. ಕೈಕಾಲುಗಳಿಗೆ ಗೊತ್ತಿರಲಿಲ್ಲ. ಬ್ರೇಕು ಹಿಡಿದು, ಇಳಿದು, ಗೋಡೆಗೆ ಒರಗಿ ನಿಂತುಬಿಟ್ಟೆ. ಬೆಳಕುಗಳು ಹತ್ತಿರ ಬಂದವು. ಒಬ್ಬ ತಂದೆ, ಪಕ್ಕದಲ್ಲಿ ಎಂಟು ಹತ್ತು ವರ್ಷದ ಮಗಳು. "ಬೊಂಜೂರ್" ಎಂದು ಕೂಗಿ ಹೋದರು. ಸುರಂಗದ ತುಂಬ ಆ ಮಗುವಿನ ದನಿ.

ವೃದ್ಧ ಗುರುಗಳು ಹಿಂದಿರುಗಿ ಬಂದು ನನ್ನ ಪಕ್ಕದಲ್ಲಿ ನಿಂತರು. ಏನಾಯಿತೆಂದು ಕೇಳಲಿಲ್ಲ. ನಾನಾಗಿಯೇ ಹೇಳಿದೆ; ಅಣ್ಣನದನ್ನೂ, ಮುಚ್ಚಿದ ಬಾಗಿಲಿನದನ್ನೂ. ನನ್ನ ಮುರುಕು ಫ್ರೆಂಚ್ ಅವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ಬಹಳ ಹೊತ್ತಿನ ಮೇಲೆ, "ಆತನ ಹೆಸರೇನು?" ಎಂದು ಕೇಳಿದರು. ಮೂವತ್ತೊಂದು ವರ್ಷಗಳಲ್ಲಿ ನಾನು ಅವನ ಹೆಸರನ್ನು ಯಾರಲ್ಲಿಯೂ ವಿಚಾರಿಸಿರಲಿಲ್ಲ.

ಸೆಪ್ಟೆಂಬರಿನಲ್ಲಿ ಊರಿಗೆ ಮರಳಿ, ಅಕ್ಕನ ಮನೆಯಲ್ಲಿರುವ ಅವ್ವನನ್ನು ಕಾಣಲು ಹೋದೆ. "ಅಣ್ಣನಿಗೆ ಗುದ್ದಿದ ಲಾರಿಯವನ ಹೆಸರೇನು ಅವ್ವ?" ಎಂದು ಕೇಳಿದೆ. ಅವಳು ತಡವರಿಸದೆ ಹೇಳಿದಳು, ಊರನ್ನೂ ಹೇಳಿದಳು. "ಅವನೂ ಹೋಗಿ ಆರು ವರ್ಷವಾಯ್ತು. ಹೆಂಡತಿ ಬಂದು ಹೇಳಿದ್ದಳು. ನಿನಗೆ ಬೇಡವೆಂದು ನಾನು ಸುಮ್ಮನಿದ್ದೆ," ಎಂದಳು.

ಆ ವರ್ಷ ನವೆಂಬರ್ 2ರ ಬಲಿಪೂಜೆಗೆ ಮೃತರ ಹೆಸರಿನ ಪಟ್ಟಿಯನ್ನು ಬರೆಯುವಾಗ ಅಣ್ಣನ ಹೆಸರಿನ ಕೆಳಗೆ ಅವನದನ್ನೂ ಬರೆದೆ. ಅವನು ನಮ್ಮ ಸಭೆಯವನಲ್ಲ. ಓದುವಾಗ ಒಬ್ಬಿಬ್ಬರು ತಲೆಯೆತ್ತಿ ನೋಡಿದರು. ಧರ್ಮಕೇಂದ್ರದ ಶೆಡ್ಡಿನಲ್ಲಿದ್ದ ಉಪದೇಶಿಯವರ ಹಳೆಯ ಸೈಕಲ್ಲಿಗೆ ಹೊಸ ಟ್ಯೂಬು ಹಾಕಿಸಿದ್ದೇನೆ. ಸಂಜೆ ಕೆರೆಯ ಏರಿಯ ಮೇಲೆ ಒಂದು ಸುತ್ತು ಹೋಗಿಬರುತ್ತೇನೆ. ಹೆದ್ದಾರಿಗೆ ಇನ್ನೂ ಇಳಿದಿಲ್ಲ.