ರೊಟ್ಟಿ ಬಿಟ್ಟರೂ ನಾರು ಬಿಡಬ್ಯಾಡ್ರಿ

ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದಮೇಲೆ ನನಗೂ ಹೆದರಿಕೆ ಹತ್ತಿತು. ಕೀಟೊ ಶುರು ಮಾಡಿದೆ. ತೂಕ ಇಳಿದದ್ದು ಖರೆ. ಆದರೆ ತುಕ್ಕಾನಟ್ಟಿಯಲ್ಲಿರುವ ಅವ್ವನ ಪ್ರಶ್ನೆ ಬೇರೆ: ‘ರೊಟ್ಟಿ, ಕಾಳು ಬಿಟ್ಟು ಹೊಟ್ಟಿಗೇನ ಹಾಕ್ತೀಪಾ?’

ಪ್ರಶ್ನೆ ಸಣ್ಣದಲ್ಲ. ಜೋಳ, ಕಾಳಿನ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್ ಮಾಡುತ್ತವೆ. ಅಲ್ಲಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಇಂಧನ. 2020ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 17 ಗಂಡಸರು ನಾಲ್ಕು ವಾರ ಕೀಟೊ ಊಟ ಮಾಡಿದಾಗ ಕರುಳಿನ ಬೈಫಿಡೊಬ್ಯಾಕ್ಟೀರಿಯಾ ಕಡಿಮೆಯಾಗಿದ್ದವು. ಹಾಗಂತ ಎಲ್ಲಾ ಕೆಟ್ಟದ್ದೇ ಅಲ್ಲ; ಇಲಿಗಳಲ್ಲಿ ಉರಿಯೂತಕ್ಕೆ ದಾರಿಯಾಗುವ ಕೆಲವು ರೋಗನಿರೋಧಕ ಕೋಶಗಳೂ ಇಳಿದಿದ್ದವು.

ಹಾಗಾಗಿ ನನ್ನ ತಟ್ಟೆಯಲ್ಲೀಗ ಅಗಸಿ ಹಿಂಡಿ, ಮೆಂತ್ಯ ಪಲ್ಲೆ, ಸೌತೆಕಾಯಿ ಇವೆ. ಪಿಷ್ಟ ಕಮ್ಮಿ, ನಾರೂ ಸಿಗುತ್ತದೆ. ಅಪ್ಪನಂತೆ ಸಕ್ಕರೆ ಮಾತ್ರೆ ತಗೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ಕೀಟೊಗೆ ಕೈಹಾಕಬೇಡಿ.